ಪೋರ್ಟಲ್‌ಗೆ ಹೆಸರು ಕೊಡುವ ಮುನ್ನ ಮೊಣಕಾಲಿನ ಫೈಲು

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಋತು ಮುಗಿಯುತ್ತಿದ್ದಂತೆ ಕಾಲೇಜು ಬದಲಿಸುವವರ ಸಂತೆ ನೆರೆಯುತ್ತದೆ. ಅಲ್ಲಿನ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ 2018ರ ಅಕ್ಟೋಬರ್‌ನಲ್ಲಿ ‘ಟ್ರಾನ್ಸ್‌ಫರ್ ಪೋರ್ಟಲ್’ ಎಂಬ ಆನ್‌ಲೈನ್ ಪಟ್ಟಿ ಶುರುಮಾಡಿತು. ಅದರಲ್ಲಿ ಹೆಸರು ಬಂದರೆ ಬೇರೆ ಕಾಲೇಜಿನ ಕೋಚ್‌ಗಳು ಆಟಗಾರರನ್ನು ನೇರವಾಗಿ ಮಾತಾಡಿಸಬಹುದು. ಮೊದಲೆಲ್ಲ ಕಾಲೇಜು ಬದಲಿಸಿದವರು ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಲ್ಲಿ ಒಂದು ಬಾರಿಯ ಮಟ್ಟಿಗೆ ಆ ಕಟ್ಟಳೆ ಹೋಯಿತು. 2024ರಲ್ಲಿ, ಓದಿನ ಅರ್ಹತೆ ಇದ್ದರೆ ಎಷ್ಟು ಬಾರಿಯಾದರೂ ಸರಿ ಎಂದಾಯಿತು. ಮೈ ಗಟ್ಟಿಯಿದ್ದವರಿಗೆ ಇದೆಲ್ಲ ಅನುಕೂಲವೇ. ಆಪರೇಷನ್ ಆಗಿ ಊರುಗೋಲು ಹಿಡಿದವರ ಲೆಕ್ಕ ಬೇರೆ.

ಬೆಂಗಳೂರಿನ ಸಂಜನಾ ರಮೇಶ್ ನಾರ್ದರ್ನ್ ಅರಿಝೋನಾ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದವರು. ಅಂಥ ದಾರಿ ಹಿಡಿಯುವ ಇಲ್ಲಿನ ಮಕ್ಕಳಿಗೂ, ಅಲ್ಲೇ ನೆಲೆಸಿರುವ ಕನ್ನಡದ ಮನೆಗಳ ಮಕ್ಕಳಿಗೂ ಈ ವಿಷಯ ದೂರದ್ದಲ್ಲ. ಗಾಯಗೊಂಡವರು ಕಾಲೇಜು ಬದಲಿಸುವಾಗ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬುದರ ಮೇಲೆಯೇ ಎಲ್ಲ ನಿಂತಿದೆ. ಮೊದಲು ವೈದ್ಯಕೀಯ ಫೈಲು, ಆಮೇಲೆ ದುಡ್ಡು ಮತ್ತು ಓದಿನ ಲೆಕ್ಕ, ಎಲ್ಲಕ್ಕಿಂತ ಕೊನೆಗೆ ಪೋರ್ಟಲ್. ಬೇಸರದ ಭರದಲ್ಲಿ ಪೋರ್ಟಲ್‌ಗೆ ಹಾರಿ, ಆಮೇಲೆ ಕಾಗದ ಹುಡುಕಲು ಹೊರಟರೆ ತೊಂದರೆ ತಪ್ಪಿದ್ದಲ್ಲ. ಇಲ್ಲಿ ಹೇಳುವುದು ಎನ್‌ಸಿಎಎಯ ಮೇಲಿನ ಸ್ತರವಾದ ಡಿವಿಷನ್-1 ಕಾಲೇಜುಗಳ ವಿಚಾರ. ಡಿವಿಷನ್-3ರಲ್ಲಿ ಆಟಕ್ಕೆಂದು ವಿದ್ಯಾರ್ಥಿವೇತನವೇ ಇಲ್ಲ, ಅಲ್ಲಿನ ಕಥೆ ಸುಲಭ.

ಫೈಲಿನಲ್ಲಿ ಏನೇನಿರಬೇಕು

ಬ್ಯಾಸ್ಕೆಟ್‌ಬಾಲ್ ಆಡುವವರನ್ನು ಹೆಚ್ಚು ಕಾಡುವ ದೊಡ್ಡ ಗಾಯ ಎಸಿಎಲ್, ಅಂದರೆ ಮೊಣಕಾಲಿನೊಳಗಿನ ಅಸ್ಥಿರಜ್ಜು ಹರಿಯುವುದು. ಅದನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಎಂಆರ್‌ಐ ವರದಿಯ ಒಂದು ಹಾಳೆ ಸಾಲದು, ಚಿತ್ರಗಳಿರುವ ಡಿಸ್ಕನ್ನೇ ಕೇಳಿ ಪಡೆಯಿರಿ. ಹೊಸ ಕಾಲೇಜಿನ ಸರ್ಜನ್ ಇನ್ನೊಬ್ಬರ ವರದಿಯನ್ನು ನಂಬಿ ನಿರ್ಧಾರ ಮಾಡುವುದಿಲ್ಲ, ಚಿತ್ರ ತಾವೇ ನೋಡಬೇಕೆನ್ನುತ್ತಾರೆ. ಎರಡನೆಯದು ಆಪರೇಷನ್ ನೋಟ್. ಹೊಸ ರಜ್ಜುವಿಗೆ ಮಂಡಿಚಿಪ್ಪಿನ ಕೆಳಗಿನ ಪಟ್ಟಿಯನ್ನು ತೆಗೆದರೋ, ತೊಡೆಯ ಹಿಂಭಾಗದ್ದನ್ನೋ, ಮುಂಭಾಗದ್ದನ್ನೋ, ಮೆನಿಸ್ಕಸ್‌ಗೂ (ಮಂಡಿಯೊಳಗಿನ ಮೃದ್ವಸ್ಥಿಗೂ) ಪೆಟ್ಟಾಗಿದ್ದರೆ ಅದಕ್ಕೆ ಹೊಲಿಗೆ ಹಾಕಿದರೋ, ಕತ್ತರಿಸಿ ತೆಗೆದರೋ, ಇವೆಲ್ಲ ಅದರಲ್ಲಿರುತ್ತವೆ. ಮೆನಿಸ್ಕಸ್ ಕತ್ತರಿಸಿದ ಮಂಡಿಗೂ ಹೊಲಿಗೆ ಹಾಕಿದ ಮಂಡಿಗೂ ಮುಂದಿನ ಹತ್ತು ವರ್ಷದ ಭವಿಷ್ಯ ಬೇರೆ ಬೇರೆ ಎಂಬುದು ನೋಡುವವರಿಗೆ ಗೊತ್ತು.

ಮೂರನೆಯದು ಚೇತರಿಕೆಯ ಅಂಕಿಗಳು. ‘ಚೆನ್ನಾಗಿದ್ದೇನೆ’ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ಆಪರೇಷನ್ ಆದ ಕಾಲಿನ ತೊಡೆಯ ಬಲ ಒಳ್ಳೆಯ ಕಾಲಿನ ಬಲದ ಶೇ 90ನ್ನಾದರೂ ಮುಟ್ಟಿದೆಯೇ, ಒಂಟಿ ಕಾಲಿನ ಜಿಗಿತದಲ್ಲಿ ಎರಡೂ ಕಾಲುಗಳ ದೂರ ಹತ್ತಿರ ಹತ್ತಿರ ಬರುತ್ತಿದೆಯೇ ಎಂದು ಅಳೆದು, ತಾರೀಖು ಹಾಕಿ ಬರೆದಿರಬೇಕು. ಒಂಬತ್ತು ತಿಂಗಳು ತುಂಬುವ ಮೊದಲೇ ಅಂಕಣಕ್ಕೆ ಇಳಿದವರಲ್ಲಿ ಮತ್ತೆ ಗಾಯವಾಗುವುದು ಹೆಚ್ಚು ಎಂದು ಅಧ್ಯಯನಗಳು ತೋರಿಸಿವೆ. ಆದ್ದರಿಂದ ‘ಆರನೇ ತಿಂಗಳಿಗೇ ಓಡುತ್ತಿದ್ದೇನೆ’ ಎಂದು ಹೊಸ ಕೋಚ್ ಎದುರು ಹೆಮ್ಮೆಪಡುವುದರಿಂದ ಲಾಭಕ್ಕಿಂತ ಅನುಮಾನವೇ ಜಾಸ್ತಿ.

ಈ ಕಾಗದಗಳೆಲ್ಲ ಒಂದೇ ಕಡೆ ಸಿಗುವುದಿಲ್ಲ. ಆಪರೇಷನ್ ಮಾಡಿದ ಆಸ್ಪತ್ರೆಯಲ್ಲಿ ಅರ್ಧ, ಕಾಲೇಜು ತಂಡದ ಅಥ್ಲೆಟಿಕ್ ಟ್ರೇನರ್ ಬಳಿ ಇನ್ನರ್ಧ. ಅಲ್ಲಿ ಅಥ್ಲೆಟಿಕ್ ಟ್ರೇನರ್ ಎಂದರೆ ಗಾಯಗಳನ್ನು ನೋಡಿಕೊಳ್ಳುವ ಲೈಸೆನ್ಸ್ ಇರುವ ಆರೋಗ್ಯ ಸಿಬ್ಬಂದಿ, ಕಸರತ್ತು ಹೇಳಿಕೊಡುವವರಲ್ಲ. ವಿದ್ಯಾರ್ಥಿ ಸಹಿ ಮಾಡಿದ ಒಪ್ಪಿಗೆ ಪತ್ರ ಎರಡೂ ಕಡೆ ಬೇಕು. ಹದಿನೆಂಟು ದಾಟಿದ ಮಗನ ದಾಖಲೆಯನ್ನು ಅಪ್ಪ ಅಮ್ಮ ಫೋನು ಮಾಡಿ ಕೇಳಿದರೆ ಕೊಡುವುದಿಲ್ಲ, ಆಸ್ಪತ್ರೆ, ಕಾಲೇಜಿನವರ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ತಂಡದವರ ಜೊತೆ ಸಂಬಂಧ ಹಸನಾಗಿರುವಾಗಲೇ ಒಂದು ಪೂರ್ತಿ ಪ್ರತಿ ಕೈಗೆ ಬರಲಿ.

ಹೋದ ಋತು ಲೆಕ್ಕಕ್ಕೆ ಬರುತ್ತದೆಯೇ

ಐದು ವರ್ಷಗಳೊಳಗೆ ನಾಲ್ಕು ಋತು ಆಡಬಹುದು ಎಂಬುದು ಬಹುಕಾಲದಿಂದ ನಡೆದುಬಂದ ನಿಯಮ. ಗಾಯದಿಂದ ಹಾಳಾದ ಋತುವನ್ನು ಲೆಕ್ಕದಿಂದ ತೆಗೆಸುವುದಕ್ಕೆ ‘ಮೆಡಿಕಲ್ ಹಾರ್ಡ್‌ಶಿಪ್’ ಎಂಬ ವಿನಾಯಿತಿ ಇದೆ. ಅದಕ್ಕೆ ಗಾಯ ಋತುವಿನ ಮೊದಲರ್ಧದಲ್ಲಿ ಆಗಿರಬೇಕು, ಆಡಿದ ಪಂದ್ಯಗಳು ಸುಮಾರು ಶೇ 30 ಮೀರಿರಬಾರದು, ಆ ಋತುವಿನಲ್ಲಿ ಮತ್ತೆ ಆಡಲಾಗದ ಸ್ಥಿತಿ ಇರಬೇಕು. ಮೂವತ್ತು ಪಂದ್ಯಗಳ ಋತುವಿನಲ್ಲಿ ಒಂಬತ್ತು ಆಡಿ ಡಿಸೆಂಬರ್‌ನಲ್ಲಿ ಬಿದ್ದವನಿಗೆ ಆಸೆಯಿದೆ, ಫೆಬ್ರುವರಿಯಲ್ಲಿ ಬಿದ್ದವನಿಗೆ ಇಲ್ಲ. ಗಾಯವಾದ ಹೊತ್ತಿನಲ್ಲೇ ವೈದ್ಯರು ಬರೆದ ದಾಖಲೆ ಕೇಳುತ್ತಾರೆ, ಆಮೇಲೆ ಬರೆಸಿಕೊಂಡ ಪತ್ರ ನಡೆಯದು. ಈ ಲೆಕ್ಕವನ್ನೇ ಬದಲಿಸಬೇಕೆಂಬ ಚರ್ಚೆ ಎನ್‌ಸಿಎಎಯಲ್ಲಿ ನಡೆದಿರುವುದರಿಂದ, ನಿಮ್ಮ ವರ್ಷಕ್ಕೆ ಯಾವ ನಿಯಮ ಅನ್ವಯಿಸುತ್ತದೆಂದು ಕಾಲೇಜಿನ ಕಂಪ್ಲಯನ್ಸ್ (ನಿಯಮಪಾಲನೆ) ಕಚೇರಿಯಿಂದ ಇ-ಮೇಲ್‌ನಲ್ಲಿ ಬರೆಸಿಕೊಳ್ಳಿ.

ದುಡ್ಡಿನ ಮಾತು

ಗಾಯವಾಯಿತು ಎಂಬ ಕಾರಣಕ್ಕೆ ವಿದ್ಯಾರ್ಥಿವೇತನ ಕಿತ್ತುಕೊಳ್ಳುವಂತಿಲ್ಲ, ನಿಯಮದಲ್ಲಿ ಆ ರಕ್ಷಣೆಯಿದೆ. ಆದರೆ ನೀವಾಗಿಯೇ ಪೋರ್ಟಲ್‌ಗೆ ಹೆಸರು ಕೊಟ್ಟ ಮೇಲೆ, ಮುಂದಿನ ಟರ್ಮ್‌ನಿಂದ ಅದನ್ನು ನಿಲ್ಲಿಸಲು ಹಳೆಯ ಕಾಲೇಜಿಗೆ ಅವಕಾಶವಿದೆ. ಹೆಸರು ವಾಪಸ್ ತೆಗೆದುಕೊಂಡರೂ ತಂಡದಲ್ಲಿ ಜಾಗ ಕೊಡಲೇಬೇಕೆಂದಿಲ್ಲ. ಕುಂಟುವ ಕಾಲು, ಕೈಬಿಟ್ಟ ವೇತನ ಎರಡೂ ಒಟ್ಟಿಗೆ ಎದುರಾಗುವ ಅಪಾಯ ಇಲ್ಲೇ ಇರುವುದು.

ಚಿಕಿತ್ಸೆಯ ಖರ್ಚಿನದು ಇನ್ನೊಂದು ಗಂಟು. ಆಟದಿಂದಾದ ಗಾಯದ ವೆಚ್ಚವನ್ನು ವಿದ್ಯಾರ್ಥಿ ಬಿಟ್ಟುಹೋದ ಮೇಲೂ ಎರಡು ವರ್ಷ ಕಾಲೇಜೇ ನೋಡಿಕೊಳ್ಳಬೇಕೆಂದು 2024ರ ಆಗಸ್ಟ್‌ನಿಂದ ವ್ಯವಸ್ಥೆಯಾಗಿದೆ. ಅದಕ್ಕೆ ಬೆನ್ನಾಗಿ ಎನ್‌ಸಿಎಎಯದೇ ವಿಮೆಯಿದ್ದು, ಒಂದು ಗಾಯಕ್ಕೆ 90,000 ಡಾಲರ್‌ವರೆಗೆ ಕೊಡುತ್ತದೆ. ಇದು ಮುಖ್ಯವಾಗಿ ಆಟ ಮುಗಿಸಿ ಹೊರಟವರಿಗೆಂದು ಮಾಡಿದ್ದು. ಇನ್ನೊಂದು ತಂಡಕ್ಕೆ ಹೋಗುವವರು ಇದನ್ನೇ ನೆಚ್ಚಿ ಕೂರದೆ, ಹೊಸ ಕಾಲೇಜನ್ನು ನೇರವಾಗಿ ಕೇಳಬೇಕು: ಇದೇ ಮಂಡಿಗೆ ಮತ್ತೆ ಪೆಟ್ಟಾದರೆ ಹಳೆಯ ಗಾಯವೆಂದು ಕೈತೊಳೆದುಕೊಳ್ಳುತ್ತೀರೋ? ಬಾಕಿಯಿರುವ ಫಿಸಿಯೋಥೆರಪಿಗೆ ಯಾರು ಕೊಡುತ್ತಾರೆ? ಉತ್ತರ ಬರವಣಿಗೆಯಲ್ಲಿರಲಿ.

2025ರ ಜುಲೈ 1ರಿಂದ ಕಾಲೇಜುಗಳು ತಮ್ಮ ಆದಾಯದಲ್ಲಿ ಆಟಗಾರರಿಗೆ ನೇರವಾಗಿ ಪಾಲು ಕೊಡಬಹುದಾಗಿದೆ. ಅಂಥ ಒಪ್ಪಂದ ಮುಂದಿಟ್ಟರೆ ಗಾಯದಿಂದ ಆಡಲಾಗದಿದ್ದಾಗ ಏನು, ನಡುವೆ ಬಿಟ್ಟರೆ ಎಷ್ಟು ಹಿಂದಿರುಗಿಸಬೇಕು ಎಂಬ ಎರಡು ಕಲಮುಗಳನ್ನು ವಕೀಲರಿಗೆ ತೋರಿಸದೆ ಸಹಿ ಮಾಡಬೇಡಿ.

ಓದು ಮತ್ತು ವೀಸಾ

ಆಡುವ ಅರ್ಹತೆ ಉಳಿಯಬೇಕಾದರೆ ಮೂರನೇ ವರ್ಷ ಶುರುವಾಗುವಾಗ ಪದವಿಯ ಶೇ 40, ನಾಲ್ಕನೆಯದಕ್ಕೆ ಶೇ 60, ಐದನೆಯದಕ್ಕೆ ಶೇ 80ರಷ್ಟು ಓದು ಮುಗಿದಿರಬೇಕು. ಲೆಕ್ಕ ಹಾಕುವುದು ಹೊಸ ಕಾಲೇಜಿನ ಪದವಿಯ ಮೇಲೆ. ಆಪರೇಷನ್ ಟರ್ಮ್‌ನಲ್ಲಿ ಎರಡು ಕೋರ್ಸ್ ಕೈಬಿಟ್ಟವರು, ಮೇಜರ್ (ಮುಖ್ಯ ವಿಷಯ) ಬದಲಿಸುವವರು ಇಲ್ಲೇ ಎಡವುವುದು. ಬೇಸಿಗೆ ತರಗತಿಯಲ್ಲಿ ತುಂಬಿಕೊಳ್ಳಬಹುದೇ ಎಂದು ಮೊದಲೇ ನೋಡಿ.

ಇಲ್ಲಿಂದ ಹೋಗಿ ಎಫ್-1 ವೀಸಾದಲ್ಲಿರುವವರು ಪ್ರತಿ ಟರ್ಮ್ 12 ಕ್ರೆಡಿಟ್ ಓದಲೇಬೇಕು. ಗಾಯದ ಕಾರಣಕ್ಕೆ ಕಡಿಮೆ ಮಾಡಬಹುದು, ಒಟ್ಟು 12 ತಿಂಗಳವರೆಗೆ. ಆದರೆ ಕೋರ್ಸ್ ಬಿಡುವ ಮೊದಲೇ ವಿದೇಶಿ ವಿದ್ಯಾರ್ಥಿಗಳ ಕಚೇರಿಯ ಅನುಮತಿ ಬೇಕು. ಕಾಲೇಜು ಬದಲಿಸುವಾಗ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ಕಡತ) ದಾಖಲೆಯನ್ನು ಹಳೆಯ ಕಾಲೇಜು ಬಿಡುಗಡೆ ಮಾಡುವ ತಾರೀಖು ಮುಖ್ಯ. ಆ ದಿನದ ನಂತರ ನೀವು ಹೊಸ ಕಾಲೇಜಿನ ಜವಾಬ್ದಾರಿ, ವೀಸಾಗೆ ಬೇಕಾದ ಐ-20 ಪ್ರವೇಶ ಪತ್ರ ಅಲ್ಲಿಂದಲೇ ಬರಬೇಕು, ಐದು ತಿಂಗಳೊಳಗೆ ತರಗತಿ ಶುರುವಾಗಬೇಕು. ರಜೆಗೆ ಊರಿಗೆ ಬರುವವರು ಹೊಸ ಐ-20 ಇಲ್ಲದೆ ವಾಪಸ್ ವಿಮಾನ ಹತ್ತಬಾರದು. ಈ ವೀಸಾದಲ್ಲಿ ದುಡಿಮೆಗೆ ನಿರ್ಬಂಧವಿರುವುದರಿಂದ, ಜಾಹೀರಾತು ಅಥವಾ ಆದಾಯ ಪಾಲಿನ ಆಮಿಷಕ್ಕೆ ಒಪ್ಪುವ ಮುನ್ನ ವಲಸೆ ಕಾನೂನಿನ ವಕೀಲರನ್ನು ಕೇಳುವುದು ಕಡ್ಡಾಯವೆಂದೇ ತಿಳಿಯಿರಿ.

ಈಗ ಪೋರ್ಟಲ್

ಕೋರಿಕೆಯನ್ನು ಬರವಣಿಗೆಯಲ್ಲಿ ಕೊಟ್ಟರೆ ಎರಡು ಕೆಲಸದ ದಿನಗಳಲ್ಲಿ ಕಾಲೇಜು ಹೆಸರು ಸೇರಿಸಬೇಕು. ಬಾಗಿಲು ತೆರೆದಿರುವ ದಿನಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಶುರುವಿಗೆ 60 ದಿನವಿದ್ದದ್ದು 2024ರಲ್ಲಿ 45, 2025ರಲ್ಲಿ 30 ಆಯಿತು. ಫೈಲು ಮೊದಲು ಎಂದಿದ್ದು ಇದಕ್ಕೇ. ಆಸ್ಪತ್ರೆಯಿಂದ ಡಿಸ್ಕ್ ಬರಲು ಕಾಯುವಷ್ಟರಲ್ಲಿ ತಂಡಗಳ ಜಾಗ ಭರ್ತಿಯಾಗಿರುತ್ತದೆ. ಹೆಸರು ಸೇರುವ ಮುನ್ನ ಬೇರೆ ಕೋಚ್‌ಗಳು ಮಾತಾಡುವಂತಿಲ್ಲ, ಮಧ್ಯವರ್ತಿಗಳ ಮೂಲಕ ಬರುವ ಭರವಸೆಗಳನ್ನು ಕಿವಿಗೆ ಹಾಕಿಕೊಳ್ಳಬೇಡಿ.

ಕೋಚ್ ಅಲ್ಲ, ಡಾಕ್ಟರ್

ಕೋಚ್ ‘ಬಾ’ ಎಂದರೆ ಆಡಿಸುತ್ತಾರೆ ಎಂದಲ್ಲ. ಆಡಬಹುದೋ ಬೇಡವೋ ಎಂಬುದು ಆ ಕಾಲೇಜಿನ ವೈದ್ಯರ ಮತ್ತು ಟ್ರೇನರ್‌ಗಳ ತೀರ್ಮಾನ, ಕೋಚ್ ಅದನ್ನು ಮೀರುವಂತಿಲ್ಲ. ಒಂದು ಕಾಲೇಜಿನ ವೈದ್ಯರು ಬೇಡವೆಂದದ್ದನ್ನು ಇನ್ನೊಂದು ಕಾಲೇಜಿನವರು ಒಪ್ಪಿದ್ದೂ ಇದೆ. 2020ರ ಡಿಸೆಂಬರ್ 12ರಂದು ಫ್ಲಾರಿಡಾ ವಿಶ್ವವಿದ್ಯಾಲಯದ ಕಿಯಾಂಟೆ ಜಾನ್ಸನ್ ಟ್ಯಾಲಹಾಸಿಯ ಅಂಕಣದಲ್ಲೇ ಕುಸಿದುಬಿದ್ದರು. ಅವರದು ಮಂಡಿಯ ಗಾಯಕ್ಕಿಂತ ಎಷ್ಟೋ ಗಂಭೀರ ಸ್ಥಿತಿ. ಆ ಮೇಲೆ ಫ್ಲಾರಿಡಾ ಅವರನ್ನು ಆಡಿಸಲಿಲ್ಲ. 2022ರ ಕೊನೆಯ ತವರು ಪಂದ್ಯದಲ್ಲಿ ಗೌರವಕ್ಕೆಂದು ಅಂಕಣಕ್ಕಿಳಿಸಿ, ಒಡನೆ ಹೊರಗೆ ಕರೆಸಿಕೊಂಡಿತು. ಅವರು ಪೋರ್ಟಲ್ ಮೂಲಕ ಕ್ಯಾನ್ಸಸ್ ಸ್ಟೇಟ್‌ಗೆ ಹೋದರು, ಅಲ್ಲಿ ವೈದ್ಯರ ಒಪ್ಪಿಗೆ ಸಿಕ್ಕಿತು. 2022–23ರಲ್ಲಿ ಪಂದ್ಯಕ್ಕೆ ಸರಾಸರಿ 17ಕ್ಕೂ ಹೆಚ್ಚು ಅಂಕ ಗಳಿಸಿದರು, ತಂಡ ರಾಷ್ಟ್ರೀಯ ಟೂರ್ನಿಯ ಕೊನೆಯ ಎಂಟರ ಘಟ್ಟಕ್ಕೆ ಬಂತು. ಮಿಷಿಗನ್ ಸ್ಟೇಟ್ ವಿರುದ್ಧ ತಂಡದ ಜೊತೆಗಾರ ಮಾರ್ಕ್ವಿಸ್ ನೋವೆಲ್ ಕೋಚ್ ಜೊತೆ ವಾದಕ್ಕಿಳಿದವರಂತೆ ಕಾಣುತ್ತಲೇ ದೂರದಿಂದ ಎಸೆದ ಚೆಂಡನ್ನು ಜಾನ್ಸನ್ ಗಾಳಿಯಲ್ಲೇ ಹಿಡಿದು ಹಿಂಬದಿಯಿಂದ ಬುಟ್ಟಿಗಿಳಿಸಿದ್ದನ್ನು ಜನ ಇಂದಿಗೂ ನೋಡುತ್ತಾರೆ. ಆಮೇಲೆ ಎನ್‌ಬಿಎ ಆಯ್ಕೆಯಲ್ಲಿ 50ನೆಯವರಾಗಿ ಕರೆ ಬಂತು.

ಎಲ್ಲರಿಗೂ ಹೀಗಾಗುತ್ತದೆಂದು ಹೇಳಲಾಗದು, ವೈದ್ಯರು ಬೇಡವೆಂದದ್ದು ಹಲವರ ಒಳ್ಳೆಯದಕ್ಕೇ. ಹಾಗಾಗಿ ಸೀಟು ಒಪ್ಪಿಕೊಳ್ಳುವ ಮುನ್ನವೇ ಫೈಲನ್ನು ಹೊಸ ಕಾಲೇಜಿನ ವೈದ್ಯರಿಗೆ ತಲುಪಿಸಿ, ಸಾಧ್ಯವಾದರೆ ಕ್ಯಾಂಪಸ್ ನೋಡಲು ಹೋದ ದಿನವೇ ಮಂಡಿಯನ್ನು ಪರೀಕ್ಷೆ ಮಾಡಿಸಿ. ಅವರ ಪರೀಕ್ಷೆಯಲ್ಲಿ ಪಾಸಾಗದಿದ್ದರೆ ವಿದ್ಯಾರ್ಥಿವೇತನ ಉಳಿಯುತ್ತದೆಯೇ ಎಂದೂ ಕೇಳಿ. ಮುಜುಗರದ ಪ್ರಶ್ನೆಯೇ, ಆದರೆ ಸಹಿಯಾದ ಮೇಲೆ ಕೇಳಿ ಏನು ಬಂತು?

ಸೇರಿದ ಮೇಲೆ ಅಭ್ಯಾಸಕ್ಕೆ ಇಳಿಯುವ ಮುನ್ನ, ಆರು ತಿಂಗಳೊಳಗಿನ ವೈದ್ಯಕೀಯ ತಪಾಸಣೆಯ ವರದಿ ಇರಬೇಕು. ಸಿಕಲ್ ಸೆಲ್ ರಕ್ತಪರೀಕ್ಷೆಯ ಫಲಿತಾಂಶವನ್ನೂ ಕೇಳುತ್ತಾರೆ. ಅಮೆರಿಕದಲ್ಲಿ ಹುಟ್ಟಿದವರಿಗೆ ಹುಟ್ಟಿದಾಗಲೇ ಆಗಿರುತ್ತದೆ, ಇಲ್ಲಿಂದ ಹೋದವರು ಹಳೆಯ ಕಾಲೇಜಿನಲ್ಲಿ ಮಾಡಿಸಿದ್ದರ ಪ್ರತಿಯನ್ನು ಅದೇ ಫೈಲಿಗೆ ಸೇರಿಸಿಕೊಂಡರೆ ಮತ್ತೆ ರಕ್ತ ಕೊಡುವುದು ತಪ್ಪುತ್ತದೆ.