ದಾರಿ ಮತ್ತು ನೆಲೆ: ಸ್ಕಾಟ್ಲೆಂಡಿನ ದೂರದ ಊರುಗಳು ಕಲಿಸುವ ಪಾಠ

ಒಂದು ಊರು ಎಷ್ಟು ದೂರವಿದೆ ಎಂದು ಕೇಳಿದರೆ ಭೂಪಟವು ಕಿಲೋಮೀಟರುಗಳಲ್ಲಿ ಉತ್ತರ ಹೇಳುತ್ತದೆ. ವೈದ್ಯನ ದಾರಿ ಕಾಯುತ್ತಿರುವ ತಾಯಿಗೆ ಈ ಉತ್ತರದಿಂದ ಪ್ರಯೋಜನವಿಲ್ಲ. ವೈದ್ಯನು ಯಾವಾಗ ಬಂದಾನು, ಖಂಡಿತವಾಗಿ ಬಂದಾನೇ ಎಂಬ ಎರಡು ಪ್ರಶ್ನೆಗಳೇ ಆಕೆಯ ಪಾಲಿಗೆ ದೂರದ ನಿಜವಾದ ಅಳತೆ. ಸಾರಿಗೆ ಮತ್ತು ಸಾರ್ವಜನಿಕ ಸೇವೆಗಳು ಜನವಸತಿಯ ಅಳಿವು ಉಳಿವನ್ನು ಹೇಗೆ ನಿರ್ಧರಿಸುತ್ತವೆ ಎಂಬುದನ್ನು ಸ್ಕಾಟ್ಲೆಂಡಿನ ನಿದರ್ಶನದಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಸ್ಕಾಟ್ಲೆಂಡಿನ ವಾಯವ್ಯ ಭಾಗವು ಬೆಟ್ಟಗಳಿಂದಲೂ ಒಳನಾಡನ್ನು ಸೀಳಿ ಬಂದ ಕಡಲ ತೋಳುಗಳಿಂದಲೂ ತುಂಬಿದ ಪ್ರದೇಶ. ಅದರಾಚೆಗೆ ಹೆಬ್ರಿಡೀಸ್, ಆರ್ಕ್ನಿ, ಶೆಟ್ಲೆಂಡ್ ದ್ವೀಪಸಮೂಹಗಳು ಹರಡಿಕೊಂಡಿವೆ. 2011ರ ಜನಗಣತಿಯ ಪ್ರಕಾರ 93 ದ್ವೀಪಗಳಲ್ಲಿ ಜನವಸತಿಯಿತ್ತು. ಚಳಿಗಾಲದ ಬಿರುಗಾಳಿಗೆ ಹಡಗು ನಿಂತರೆ ಅಂಗಡಿಯ ರೊಟ್ಟಿಯಿಂದ ಆಸ್ಪತ್ರೆಯ ಭೇಟಿಯವರೆಗೆ ಎಲ್ಲವೂ ಅಲ್ಲಿ ನಿಲ್ಲುತ್ತದೆ.

ತೆರವಾದ ದ್ವೀಪ

ಹೊರ ಹೆಬ್ರಿಡೀಸ್‌ನಿಂದ ಸುಮಾರು 65 ಕಿ.ಮೀ. ಪಶ್ಚಿಮಕ್ಕೆ ಸೇಂಟ್ ಕಿಲ್ಡಾ ಎಂಬ ದ್ವೀಪಸಮೂಹವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಲ್ಲಿನವರು ಮರದ ತುಂಡನ್ನು ಪುಟ್ಟ ದೋಣಿಯಂತೆ ಕೊರೆದು, ಅದರೊಳಗೆ ಪತ್ರವನ್ನಿರಿಸಿ, ತೇಲುವುದಕ್ಕೆಂದು ಕುರಿಯ ಮೂತ್ರಕೋಶವನ್ನು ಕಟ್ಟಿ, ಗಾಳಿಯ ದಿಕ್ಕು ನೋಡಿ ಕಡಲಿಗೆ ಬಿಡುವುದನ್ನು ರೂಢಿಸಿಕೊಂಡರು. ಅದೇ ಅವರ ತುರ್ತು ಅಂಚೆ! ಮೊದಲನೆಯ ಮಹಾಯುದ್ಧದ ತರುವಾಯ ತರುಣರು ಒಬ್ಬೊಬ್ಬರಾಗಿ ದ್ವೀಪ ತೊರೆದರು. 1930ರ ಆರಂಭದಲ್ಲಿ ರೋಗಪೀಡಿತಳಾದ ತರುಣಿಯೊಬ್ಬಳನ್ನು ಗ್ಲಾಸ್ಗೋ ನಗರಕ್ಕೆ ಸಾಗಿಸಲಾಯಿತಾದರೂ ಆಕೆ ಉಳಿಯಲಿಲ್ಲ. ಅದೇ ವರ್ಷ ದ್ವೀಪವಾಸಿಗಳು ತಮ್ಮನ್ನು ಬೇರೆಡೆಗೆ ಸ್ಥಳಾಂತರಿಸಬೇಕೆಂದು ತಾವೇ ಸರಕಾರಕ್ಕೆ ಮನವಿ ಸಲ್ಲಿಸಿದರು. ಆಗಸ್ಟ್ 29ರಂದು ಉಳಿದಿದ್ದ 36 ಮಂದಿಯೂ ಹಡಗನ್ನೇರಿ ಹೊರಟರು. ಶತಶತಮಾನಗಳ ವಸತಿ ಒಂದೇ ಬೆಳಗಿನಲ್ಲಿ ಮುಗಿಯಿತು.

ವೈದ್ಯಕೀಯ ಸೇವೆಯ ಹೊಸ ಹಾದಿ

ಈ ನಾಡಿನವರು ಕೈಕಟ್ಟಿ ಕುಳಿತಿದ್ದರೆಂದು ಇದರಿಂದ ಭಾವಿಸಬಾರದು. 1912ರಲ್ಲಿ ಡ್ಯೂಯರ್ ಸಮಿತಿಯು ಬೆಟ್ಟನಾಡಿನ ವೈದ್ಯಕೀಯ ದುಃಸ್ಥಿತಿಯ ಬಗೆಗೆ ವರದಿ ಸಲ್ಲಿಸಿತು. ಹಲವು ಹರದಾರಿ ನಡೆದೋ ದೋಣಿಯೇರಿಯೋ ಬರುವ ವೈದ್ಯನಿಗೆ ಬಡ ಒಕ್ಕಲಿನವನು ಕೊಡಬಲ್ಲ ಶುಲ್ಕವು ಪ್ರಯಾಣದ ವೆಚ್ಚಕ್ಕೂ ಸಾಲುತ್ತಿರಲಿಲ್ಲ. ಆದ್ದರಿಂದ 1913ರಲ್ಲಿ ಆರಂಭವಾದ ಹೈಲ್ಯಾಂಡ್ಸ್ ಮತ್ತು ದ್ವೀಪಗಳ ವೈದ್ಯಕೀಯ ಸೇವೆಯು ವೈದ್ಯರಿಗೆ ಕನಿಷ್ಠ ವರಮಾನವನ್ನೂ ಪ್ರಯಾಣಭತ್ಯವನ್ನೂ ಸರಕಾರದ ಹಣದಿಂದಲೇ ಒದಗಿಸಿತು. ರೋಗಿಯು ಎಷ್ಟು ದೂರದಲ್ಲಿದ್ದರೂ ಅಲ್ಪ ಶುಲ್ಕವನ್ನಷ್ಟೇ ತೆತ್ತರೆ ಸಾಕಾಯಿತು. ಬ್ರಿಟನ್ನಿನಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಜನ್ಮತಾಳಿದ್ದು 1948ರಲ್ಲಿ. ಅದಕ್ಕೆ 35 ವರ್ಷ ಮೊದಲೇ ಈ ಬಡ ಸೀಮೆಯು ಮಾದರಿಯಾಗಿತ್ತೆಂಬುದು ಗಮನಾರ್ಹ.

1933ರ ಮೇ ತಿಂಗಳಲ್ಲಿ ಐಲಾ ದ್ವೀಪದಿಂದ ಬೆಸ್ತನೊಬ್ಬನನ್ನು ವಿಮಾನದಲ್ಲಿ ಗ್ಲಾಸ್ಗೋಗೆ ಕರೆತಂದುದು ಅಲ್ಲಿನ ವಿಮಾನ ಆಂಬುಲೆನ್ಸ್ ಸೇವೆಗೆ ನಾಂದಿಯಾಯಿತು. ಬಾರಾ ದ್ವೀಪದಲ್ಲಿ ಇಂದಿಗೂ ಕಡಲತೀರದ ಮರಳೇ ವಿಮಾನದ ಓಡುದಾರಿ. ಉಬ್ಬರವಿಳಿತವನ್ನು ನೋಡಿಯೇ ವೇಳಾಪಟ್ಟಿಯನ್ನು ಗೊತ್ತುಪಡಿಸುತ್ತಾರೆ. ಆರ್ಕ್ನಿಯ ವೆಸ್ಟ್ರೆ ಮತ್ತು ಪಾಪಾ ವೆಸ್ಟ್ರೆ ದ್ವೀಪಗಳ ನಡುವಣ ವಿಮಾನಯಾನ ಸುಮಾರು ಎರಡು ನಿಮಿಷದ್ದು. ಹೊರಗಿನವರಿಗೆ ಇದೊಂದು ಸೋಜಿಗ. ದ್ವೀಪದಿಂದ ದ್ವೀಪಕ್ಕೆ ಹೋಗಿ ಪಾಠ ಹೇಳುವ ಉಪಾಧ್ಯಾಯರಿಗೆ ಅದು ನಿತ್ಯದ ಬಸ್ಸಿನಂತೆ.

ಒಬ್ಬನೇ ಕಡಿದ ರಸ್ತೆ

ರಾಸೆ ದ್ವೀಪದ ಉತ್ತರಕ್ಕಿರುವ ಅರ್ನಿಷ್ ಎಂಬ ಹಳ್ಳಿಗೆ ಬಂಡಿದಾರಿಯಿರಲಿಲ್ಲ. ಜನರು ದಶಕಗಳ ಕಾಲ ಮನವಿ ಸಲ್ಲಿಸಿದರೂ ಆಡಳಿತವು ಓಗೊಡಲಿಲ್ಲ. ಕೊನೆಗೆ ಅಲ್ಲಿನ ಒಕ್ಕಲಿಗನೂ ಅಂಚೆಯವನೂ ಆಗಿದ್ದ ಕ್ಯಾಲಮ್ ಮ್ಯಾಕ್ಲೌಡ್ ರಸ್ತೆ ನಿರ್ಮಾಣವನ್ನು ಕುರಿತ ಹಳೆಯ ಪುಸ್ತಕವೊಂದನ್ನು ಕೊಂಡು ಓದಿ, ಗುದ್ದಲಿ, ಸಲಿಕೆ, ತಳ್ಳುಬಂಡಿಗಳೊಡನೆ ಕೆಲಸಕ್ಕಿಳಿದ. ಬಂಡೆ ಸಿಡಿಸುವ ಆರಂಭದ ಕಾರ್ಯಕ್ಕಷ್ಟೇ ಸರಕಾರಿ ಇಲಾಖೆಯ ನೆರವು ದೊರೆಯಿತು. ಸುಮಾರು 1964ರಿಂದ 1974ರವರೆಗೆ ದುಡಿದು ಅವನು ಹೆಚ್ಚುಕಡಿಮೆ 2.8 ಕಿ.ಮೀ. ರಸ್ತೆಯನ್ನು ಮುಗಿಸಿದ. 1982ರಲ್ಲಿ ಆಡಳಿತವು ಅದನ್ನು ವಹಿಸಿಕೊಂಡು ಡಾಂಬರು ಹಾಕಿಸಿತು. ಆದರೆ ರಸ್ತೆ ಸಿದ್ಧವಾಗುವ ಹೊತ್ತಿಗೆ ಅರ್ನಿಷ್‌ನಲ್ಲಿ ಉಳಿದಿದ್ದವರು ಕ್ಯಾಲಮ್ ದಂಪತಿಗಳು ಮಾತ್ರ. ಜನರಿದ್ದಾಗ ದಾರಿಯಿರಲಿಲ್ಲ, ದಾರಿಯಾದಾಗ ನಡೆಯುವವರಿರಲಿಲ್ಲ.

ಇಲ್ಲಿಯೇ ಸಮಸ್ಯೆಯ ಮರ್ಮವಿದೆ. ಜನ ಕಡಿಮೆಯೆಂಬ ಕಾರಣದಿಂದ ಶಾಲೆ, ಅಂಚೆ, ವಾಹನಗಳನ್ನು ನಿಲ್ಲಿಸುತ್ತಾರೆ; ಅವು ನಿಂತಿತೆಂದು ಇನ್ನಷ್ಟು ಜನ ಊರು ಬಿಡುತ್ತಾರೆ. ಪತ್ರದೊಡನೆ ಪ್ರಯಾಣಿಕರನ್ನೂ ಒಯ್ಯುವ ಅಂಚೆ ಬಸ್ಸುಗಳು ಸ್ಕಾಟ್ಲೆಂಡಿನಲ್ಲಿ 1968ರಲ್ಲಿ ಆರಂಭವಾಗಿ, ಹಲವು ಒಂಟಿ ಊರುಗಳಿಗೆ ಆಸರೆಯಾಗಿ, 2017ರಲ್ಲಿ ಪೂರ್ಣವಾಗಿ ನಿಂತವು.

ಬೇರೆ ಬಗೆಯ ಲೆಕ್ಕ

ಈ ಸುಳಿಯಿಂದ ಪಾರಾಗುವ ಯತ್ನಗಳೂ ನಡೆದಿವೆ. ಅಷ್ಟೇ ದೂರದ ರಸ್ತೆ ಪ್ರಯಾಣಕ್ಕೆ ತಗಲುವ ವೆಚ್ಚವನ್ನು ಆಧಾರವಾಗಿಟ್ಟುಕೊಂಡು ಹಡಗಿನ ದರವನ್ನು ನಿಗದಿಪಡಿಸುವ ಕ್ರಮವನ್ನು 2008ರಲ್ಲಿ ಪ್ರಾಯೋಗಿಕವಾಗಿ ಕೈಗೊಂಡು 2015ರ ವೇಳೆಗೆ ಪಶ್ಚಿಮದ ದ್ವೀಪಗಳಿಗೆಲ್ಲ ವಿಸ್ತರಿಸಿದರು. ಪ್ರಯಾಣಿಕರು ಹೆಚ್ಚಿದರು. ಆದರೆ ದರ ಇಳಿದರೆ ಸಾಲದು, ಹಡಗೂ ಇರಬೇಕಷ್ಟೆ. 2018ರಲ್ಲಿ ಬರಬೇಕಿದ್ದ ಗ್ಲೆನ್ ಸ್ಯಾನಾಕ್ಸ್ ಎಂಬ ಹೊಸ ಹಡಗು ಸೇವೆಗಿಳಿದದ್ದು 2025ರ ಜನವರಿಯಲ್ಲಿ. ಅಷ್ಟು ಕಾಲ ಮುದಿ ಹಡಗುಗಳೇ ಭಾರ ಹೊರಬೇಕಾಯಿತು. ಅವು ಕೆಟ್ಟಾಗಲೆಲ್ಲ ದ್ವೀಪವಾಸಿಗಳು ಬವಣೆಪಟ್ಟರು.

ಐಗ್ ದ್ವೀಪದ ಕಥೆ ಆಶಾದಾಯಕವಾದುದು. 1997ರಲ್ಲಿ ನಿವಾಸಿಗಳು ಟ್ರಸ್ಟಿನ ಮೂಲಕ ದ್ವೀಪವನ್ನೇ ಕೊಂಡರು. 2008ರಲ್ಲಿ ನೀರು, ಗಾಳಿ, ಬಿಸಿಲುಗಳಿಂದ ವಿದ್ಯುತ್ತನ್ನು ಪಡೆಯುವ ತಮ್ಮದೇ ವ್ಯವಸ್ಥೆಯನ್ನು ಕಟ್ಟಿಕೊಂಡು, ಒಂದು ಮನೆಗೆ ಒಮ್ಮೆಗೆ 5 ಕಿಲೋವ್ಯಾಟ್ ಮಾತ್ರವೆಂಬ ಮಿತಿಗೆ ಎಲ್ಲರೂ ಒಪ್ಪಿದರು. ಹಗಲಿರುಳೂ ಬೆಳಕು ಬಂತು. 2018ರ ದ್ವೀಪ ಕಾಯಿದೆಯು, ಹೊಸ ನೀತಿಗಳು ದ್ವೀಪವಾಸಿಗಳ ಬದುಕಿನ ಮೇಲೆ ಬೀರುವ ಪರಿಣಾಮವನ್ನು ಅಧಿಕಾರಿಗಳು ಮುಂಚಿತವಾಗಿ ಪರಿಶೀಲಿಸುವಂತೆ ವಿಧಿಸಿತು.

ಸೇವೆಯ ಬೆಲೆಯನ್ನು ಇಂದಿನ ತಲೆಯೆಣಿಕೆಯಿಂದಲೇ ಕಟ್ಟಿದರೆ ನಾಳೆ ಎಣಿಸಲು ತಲೆಗಳೇ ಇರಲಾರವು. ಭೂಗೋಳವನ್ನು ಬೋಧಿಸುವವರು ಭೂಪಟದಲ್ಲಿ ಒಂದು ರಸ್ತೆಯ ಗೆರೆಯನ್ನು ತೋರಿಸುವಾಗ, ಅದು ಯಾರಿಗಾಗಿ, ಯಾವ ವರ್ಷ ಬಂತು ಎಂಬುದನ್ನೂ ಮಕ್ಕಳಿಂದ ಕೇಳಿಸಿದರೆ ಆ ಪಾಠ ಸಾರ್ಥಕವಾದೀತು.