ಪರಿಸರ ಕಾನೂನಿನ ಜಾರಿ: ಸಿವಿಲ್ ಅರ್ಜಿಯ ಬಲ

ಮಾಲಿನ್ಯ ನಿಯಂತ್ರಣ ಮಂಡಳಿಯ ನೋಟಿಸಿಗೆ ಉತ್ತರ ಬರೆದರೆ ಪರಿಸರ ಕಾನೂನಿನ ಹೊಣೆ ತೀರಿತೆಂಬ ಭಾವನೆ ಅನೇಕ ಉದ್ದಿಮೆದಾರರಲ್ಲಿದೆ. ಮಂಡಳಿಯು ಸುಮ್ಮನಿದ್ದಾಗಲೂ ನೆರೆಯ ರೈತನೊಬ್ಬನ ಅರ್ಜಿಯಿಂದ ಘಟಕಕ್ಕೆ ಬೀಗ ಬೀಳಬಹುದೆಂಬುದು ಅವರ ಗಮನಕ್ಕೆ ಬಂದಿರುವುದಿಲ್ಲ.

ಕ್ರಿಮಿನಲ್ ಮೊಕದ್ದಮೆಯಲ್ಲಿ ಅಪರಾಧವು ಸಂಶಯಾತೀತವಾಗಿ ಸಾಬೀತಾಗಬೇಕು. ಸಿವಿಲ್ ಸ್ವರೂಪದ ದೂರಿನಲ್ಲಿ ಸಂಭವನೀಯತೆಯ ತಕ್ಕಡಿ ಯಾವ ಕಡೆಗೆ ವಾಲುತ್ತದೆಂಬುದಷ್ಟೇ ಮುಖ್ಯ. ಕೇಳುವ ಪರಿಹಾರವೂ ಜೈಲುವಾಸವಲ್ಲ, ತಡೆಯಾಜ್ಞೆ, ನಷ್ಟಭರ್ತಿ ಹಾಗೂ ಕೆಟ್ಟ ಪರಿಸರದ ಪುನಃಸ್ಥಾಪನೆ. ಈ ಹಾದಿ ಹೊಸದೇನಲ್ಲ. ಸಾರ್ವಜನಿಕ ಉಪದ್ರವದ ವಿರುದ್ಧ ತಮಗೆ ವಿಶೇಷ ಹಾನಿಯಾಗದಿದ್ದರೂ ನ್ಯಾಯಾಲಯದ ಅನುಮತಿ ಪಡೆದು ಇಬ್ಬರು ದಾವೆ ಹೂಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 91ನೆಯ ಕಲಂ ಅವಕಾಶ ನೀಡುತ್ತದೆ. ಆದರೆ ಅಂಥ ದಾವೆಗಳು ವರ್ಷಗಟ್ಟಲೆ ಎಳೆಯುತ್ತಿದ್ದವು.

2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆ ಈ ಚಿತ್ರವನ್ನು ಬದಲಿಸಿತು. ಕರ್ನಾಟಕವು ಚೆನ್ನೈನ ದಕ್ಷಿಣ ವಲಯ ಪೀಠದ ವ್ಯಾಪ್ತಿಗೆ ಸೇರುತ್ತದೆ. ಜಲ, ವಾಯು, ಪರಿಸರ ಸಂರಕ್ಷಣಾ ಕಾಯ್ದೆಗಳಡಿ ಉದ್ಭವಿಸುವ ವಿವಾದವನ್ನು ಕಾರಣ ಮೊದಲು ಉಂಟಾದ ದಿನದಿಂದ 6 ತಿಂಗಳೊಳಗೆ ತರಬೇಕು. ಪರಿಹಾರ ಮತ್ತು ಪುನಃಸ್ಥಾಪನೆಯ ಅರ್ಜಿಗೆ 5 ವರ್ಷಗಳ ಅವಧಿಯುಂಟು. ಸಕಾರಣವಿದ್ದರೆ ಎರಡಕ್ಕೂ ಇನ್ನು 60 ದಿನ ದೊರೆಯಬಹುದು. ಐದು ವರ್ಷದ ಹಿಂದಿನ ಸೋರಿಕೆಯ ದಾಖಲೆಯನ್ನು ಎಷ್ಟು ಘಟಕಗಳು ಉಳಿಸಿಕೊಂಡಿರುತ್ತವೆ? ನ್ಯಾಯಮಂಡಳಿಯ ಆದೇಶವನ್ನು ಸಿವಿಲ್ ನ್ಯಾಯಾಲಯದ ಡಿಕ್ರಿಯಂತೆ ಜಾರಿಗೊಳಿಸಬಹುದು. ಅರ್ಜಿದಾರನೇ ಇಲ್ಲದೆ ಸ್ವಪ್ರೇರಣೆಯಿಂದ ವಿಚಾರಣೆ ಕೈಗೊಳ್ಳುವ ಅಧಿಕಾರವೂ ಅದಕ್ಕುಂಟೆಂದು ಸುಪ್ರೀಂ ಕೋರ್ಟು 2021ರ ಅಕ್ಟೋಬರಿನಲ್ಲಿ ತೀರ್ಪಿತ್ತಿದೆ.

ಇದರ ಬಿಸಿ ಹೇಗಿರುತ್ತದೆಂಬುದಕ್ಕೆ ಬೆಂಗಳೂರಿನ ಬೆಳ್ಳಂದೂರು ಕೆರೆಯೇ ಸಾಕ್ಷಿ. 2017ರ ಫೆಬ್ರುವರಿಯಲ್ಲಿ ಕೆರೆಗೆ ಬೆಂಕಿ ಹೊತ್ತಿದ ಬಳಿಕ ನ್ಯಾಯಮಂಡಳಿ ತಾನಾಗಿಯೇ ವಿಚಾರಣೆ ಆರಂಭಿಸಿತು. ಅದೇ ಏಪ್ರಿಲಿನಲ್ಲಿ, ಕೆರೆಯ ಸುತ್ತ ತ್ಯಾಜ್ಯ ಹೊರಬಿಡುವ ಕೈಗಾರಿಕೆಗಳನ್ನು ಕೂಡಲೇ ಮುಚ್ಚಿಸಿ, ತಪಾಸಣೆಯಲ್ಲಿ ತ್ಯಾಜ್ಯಜಲ ಮಾನದಂಡದೊಳಗಿದೆಯೆಂದು ಕಂಡುಬಂದ ಮೇಲಷ್ಟೇ ತೆರೆಯಬೇಕೆಂದು ಆದೇಶಿಸಿತು. ಕೆರೆಗೆ ಹರಿಯುತ್ತಿದ್ದುದರಲ್ಲಿ ಹೆಚ್ಚಿನ ಪಾಲು ಮನೆಗಳ ಕೊಳಚೆ ನೀರು; ಆದರೂ ಮೊದಲು ಬಾಗಿಲು ಮುಚ್ಚಬೇಕಾದವು ಕಾರ್ಖಾನೆಗಳು. ಉದ್ಯಮಿಗಳಿಗೆ ಇದು ಕಹಿಯೆನಿಸಿದರೆ ಆಶ್ಚರ್ಯವಿಲ್ಲ. ಸರ್ಕಾರವೂ ಪಾರಾಗಲಿಲ್ಲ. 2018ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರಕ್ಕೆ 50 ಕೋಟಿ ರೂ., ಮಹಾನಗರ ಪಾಲಿಕೆಗೆ 25 ಕೋಟಿ ರೂ. ದಂಡ ವಿಧಿಸಿ, ಕಾಮಗಾರಿಗಾಗಿ 500 ಕೋಟಿ ರೂ. ಪ್ರತ್ಯೇಕ ಖಾತೆಯಲ್ಲಿರಿಸಲು ಸೂಚಿಸಲಾಯಿತು.

ನ್ಯಾಯಮಂಡಳಿಯ ಮಾತೇ ಕೊನೆಯದಲ್ಲ. ಅದು 2016ರಲ್ಲಿ ಬೆಂಗಳೂರಿನ ಕೆರೆಗಳಿಗೆ ನಿಗದಿಪಡಿಸಿದ್ದ 75 ಮೀಟರ್ ಮೀಸಲು ವಲಯವನ್ನು ಸುಪ್ರೀಂ ಕೋರ್ಟು 2019ರ ಮಾರ್ಚಿನಲ್ಲಿ ರದ್ದುಗೊಳಿಸಿತು. ಮೇಲ್ಮನವಿಗೆ 90 ದಿನಗಳ ಕಾಲಾವಕಾಶವಿದೆ.

ಘಟಕದ ರಕ್ಷಣೆ ಮಾತ್ರ ಆರಂಭವಾಗುವುದು ಮಾದರಿ ಸಂಗ್ರಹದ ದಿನವೇ. ಜಲ ಕಾಯ್ದೆಯ 21ನೆಯ ಕಲಂ ಪ್ರಕಾರ ಅಧಿಕಾರಿಯು ಘಟಕದವರ ಸಮಕ್ಷಮ ತ್ಯಾಜ್ಯಜಲದ ಮಾದರಿಯನ್ನು ಎರಡು ಭಾಗ ಮಾಡಿ, ಮೊಹರು ಹಾಕಿ, ಉಭಯತರ ಸಹಿ ಪಡೆಯಬೇಕು. ಎರಡನೆಯ ಭಾಗವನ್ನು ಸರ್ಕಾರಿ ಪ್ರಯೋಗಾಲಯಕ್ಕೆ ಕಳುಹಿಸಬೇಕಾದರೆ ಘಟಕದವರೇ ಕೋರಿಕೆ ಸಲ್ಲಿಸಬೇಕು. ಈ ಹಕ್ಕನ್ನು ಅರಿಯದೆ, ಕಾವಲುಗಾರನಿಂದ ಸಹಿ ಹಾಕಿಸಿ ಕಳುಹಿಸಿಬಿಡುವ ಘಟಕಕ್ಕೆ ಮುಂದೆ ವಾದಿಸಲು ಉಳಿಯುವುದು ಅಲ್ಪ.