ನೀರಿನ ಮೇಲೆ ಛಾಯಾಗ್ರಾಹಕ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನಾಡು ಕಡಲಿನಿಂದ ಬಹುದೂರದ ಬಯಲುಸೀಮೆ. ಸರಸಂಬಾದಂಥ ಹಳ್ಳಿಗಳ ಸುತ್ತ ಕಣ್ಣಿಗೆ ಕಾಣುವುದು ತೊಗರಿ, ಜೋಳಗಳ ಹೊಲ. ಹಡಗು, ಹಾಯಿ, ಲಂಗರುಗಳ ಮಾತು ಇಲ್ಲಿ ಕಥೆಗಳಲ್ಲಿ ಮಾತ್ರ ಕೇಳಿಬರುತ್ತದೆ. ಆದರೂ ಈ ನಾಡಿಗೆ ನೀರಿನ ನಂಟು ತಪ್ಪಿದ್ದಲ್ಲ. ಆಳಂದದ ಕಡೆಯಿಂದ ಹರಿಯುವ ಅಮರ್ಜಾ ನದಿಯು ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಭೀಮೆಯು ಕೃಷ್ಣೆಯನ್ನು ಸೇರುತ್ತದೆ. ಮಲೆನಾಡಿನ ತುಂಗೆ ಭದ್ರೆಗಳೂ ಒಂದಾಗಿ ಹರಿದು ಕೊನೆಗೆ ಅದೇ ಕೃಷ್ಣೆಯ ಮಡಿಲಿಗೆ ಬರುತ್ತವೆ. ಈ ನದಿಗಳನ್ನು ದಾಟಿಸಿದವರು ಅಂಬಿಗರು. ದಾಟಿದವರು ಯಾತ್ರಿಕರು, ವ್ಯಾಪಾರಿಗಳು, ಸೈನಿಕರು. ಅವರೆಲ್ಲರ ತರುವಾಯ ದೋಣಿಯನ್ನೇರಿದವನು ಛಾಯಾಗ್ರಾಹಕ. ದಡವನ್ನು ಮುಟ್ಟುವುದಕ್ಕಿಂತ ನೀರಿನ ನಡುವೆ ಉಳಿಯುವುದೇ ಅವನಿಗೆ ಬೇಕಾಗಿತ್ತು.

ಕನ್ನಡ ನಾಡಿನ ಹೊಳೆಗಳಲ್ಲಿ ಬಹು ಹಳೆಯ ಕಾಲದಿಂದ ಬಳಕೆಯಲ್ಲಿರುವ ನಾವೆ ಹರಿಗೋಲು. ಕೆಲವೆಡೆ ಇದನ್ನು ತೆಪ್ಪವೆಂದೂ ಕರೆಯುತ್ತಾರೆ. ಬಿದಿರಿನ ಸೀಳುಗಳನ್ನು ದೊಡ್ಡ ಬುಟ್ಟಿಯಂತೆ ಹೆಣೆದು, ಹೊರಮೈಗೆ ಹಿಂದೆ ತೊಗಲನ್ನು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ ಡಾಂಬರು ಬಳಿಯುತ್ತಾರೆ. 1520ರ ಸುಮಾರಿನಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ತುಂಗಭದ್ರೆಯನ್ನು ದಾಟಿಸುವ ಈ ಬುಟ್ಟಿಯಂಥ ದುಂಡು ದೋಣಿಗಳನ್ನು ಬೆರಗಿನಿಂದ ವರ್ಣಿಸಿದ್ದಾನೆ. ಹರಿಗೋಲಿಗೆ ಮುಂದು ಹಿಂದೆಂಬುದಿಲ್ಲ. ಅದು ಅಡಿಮಟ್ಟದ ನೀರಿನಲ್ಲಿಯೂ ತೇಲಬಲ್ಲದು, ಬಂಡೆಗಳ ನಡುವೆ ನುಸುಳಬಲ್ಲದು. ಆದರೆ ಹುಟ್ಟು ಹಾಕುವವನ ಕೈ ತಪ್ಪಿದರೆ ಬುಗುರಿಯಂತೆ ಸುತ್ತತೊಡಗುತ್ತದೆ.

ಇಂಥ ನಾವೆಯಲ್ಲಿ ಕುಳಿತು ಚಿತ್ರ ತೆಗೆಯುವುದು ಸುಲಭದ ಕೆಲಸವಲ್ಲ. ಛಾಯಾಗ್ರಹಣದ ಆರಂಭದ ದಿನಗಳಲ್ಲಂತೂ ಅದು ಅಸಾಧ್ಯವೇ ಆಗಿತ್ತು. 1856ರ ಸುಮಾರಿನಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿಯು ಹಂಪೆಯ ದೇಗುಲಗಳ ಚಿತ್ರಗಳನ್ನು ಮೇಣ ಸವರಿದ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ತೆಗೆದನು. ಆ ಕಾಗದವು ಬೆಳಕನ್ನು ಹೀರಿಕೊಳ್ಳಲು ಬಹಳ ಹೊತ್ತು ಹಿಡಿಯುತ್ತಿತ್ತು. ಅಷ್ಟು ಹೊತ್ತು ಕ್ಯಾಮೆರಾ ಅಲುಗಬಾರದು. ಎದುರಿನ ವಸ್ತುವೂ ಅಲುಗಬಾರದು. ಕಲ್ಲಿನ ಮಂಟಪ ನಿಂತಲ್ಲಿಯೇ ನಿಲ್ಲುತ್ತದೆ, ನದಿ ನಿಲ್ಲುವುದಿಲ್ಲ. ಅಂಥ ಚಿತ್ರಗಳಲ್ಲಿ ಹರಿಯುವ ನೀರು ಗಾಜಿನ ಹಾಸಿನಂತೆ ನಯವಾಗಿ ಮೂಡುತ್ತಿತ್ತು. ಅದರ ಮೇಲೆ ಸಾಗಿಹೋದ ದೋಣಿಯ ಗುರುತೂ ಉಳಿಯುತ್ತಿರಲಿಲ್ಲ.

ಮುಂದೆ ಫಿಲ್ಮು ಬಂದಿತು, ದೂರದ್ದನ್ನು ಹತ್ತಿರಕ್ಕೆ ತರುವ ಮಸೂರಗಳು ಬಂದವು, ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು ಮಾತ್ರ ತೆರೆದು ಮುಚ್ಚುವ ಷಟರು ಬಂದಿತು. ಆಗ ಛಾಯಾಗ್ರಾಹಕನು ನೀರಿಗಿಳಿದನು. ಆದರೂ ನೀರು ತನ್ನ ನಿಯಮವನ್ನು ಬಿಟ್ಟುಕೊಡಲಿಲ್ಲ. ನೆಲದ ಮೇಲೆ ನೆರವಾಗುವ ಮೂರು ಕಾಲಿನ ಆಧಾರವು ದೋಣಿಯಲ್ಲಿ ದೋಣಿಯೊಡನೆಯೇ ಅಲುಗುತ್ತದೆ. ಆದುದರಿಂದ ಅನುಭವಿಗಳು ಮಸೂರದ ಕೆಳಗೆ ಮರಳಿನದೋ ಕಾಳಿನದೋ ಚಿಕ್ಕ ಚೀಲವನ್ನಿಟ್ಟು, ದೋಣಿಯ ಅಂಚಿಗೆ ಬಾಗಿ, ನೀರಿನ ಮಟ್ಟಕ್ಕೆ ಸಮೀಪವಾಗಿ ಕುಳಿತುಕೊಳ್ಳುತ್ತಾರೆ. ಅವರಿಗೆ ನಿಜವಾದ ಆಧಾರವೆಂದರೆ ಅಂಬಿಗ. ಗಾಳಿ ಎತ್ತಣಿಂದ ಬೀಸುತ್ತಿದೆ, ಸುಳಿ ಎಲ್ಲಿದೆ, ಮೊಸಳೆ ಯಾವ ಬಂಡೆಯ ಮೇಲೆ ಬಿಸಿಲು ಕಾಯಿಸುತ್ತದೆ, ಹಕ್ಕಿ ಎಷ್ಟು ದೂರದವರೆಗೆ ತಾಳಿಕೊಳ್ಳುತ್ತದೆ ಎಂಬುದೆಲ್ಲ ಅವನಿಗೆ ಗೊತ್ತು. ಅವನು ಹುಟ್ಟನ್ನು ಎತ್ತಿ ಹಿಡಿದಾಗ ಚಿತ್ರ ತೆಗೆಯಬೇಕು. ಅವನು ದೋಣಿ ತಿರುಗಿಸಿದಾಗ ಸುಮ್ಮನಿರಬೇಕು. ದೋಣಿಯಲ್ಲಿ ಛಾಯಾಗ್ರಾಹಕನು ಕಲಿಯಬೇಕಾದ ಮೊದಲ ಪಾಠವಿದು.

ಎರಡನೆಯ ಪಾಠವನ್ನು ಋತುಗಳು ಕಲಿಸುತ್ತವೆ. ಬೇಸಗೆಯಲ್ಲಿ ಭದ್ರಾ ಜಲಾಶಯವನ್ನು ನೋಡಬೇಕು. ಚಿಕ್ಕಮಗಳೂರು ಜಿಲ್ಲೆಯ ಲಕ್ಕವಳ್ಳಿಯ ಬಳಿ ಕಟ್ಟಿದ ಅಣೆಕಟ್ಟಿನ ಹಿಂದೆ, ನೀರು ಇಳಿದಂತೆಲ್ಲ ಬೋಳು ದಿಬ್ಬಗಳು ತಲೆಯೆತ್ತಿ ದ್ವೀಪಗಳಾಗುತ್ತವೆ. ಅಲ್ಲಿಗೆ ನದಿ ರೀವಗಳೆಂಬ ಹಕ್ಕಿಗಳು ಸಾವಿರಾರು ಸಂಖ್ಯೆಯಲ್ಲಿ ಬರುತ್ತವೆ. ಹಳದಿ ಕೊಕ್ಕು, ಕರಿಯ ನೆತ್ತಿ, ಕವಲೊಡೆದ ಬಾಲದ ಈ ಹಕ್ಕಿ ಗೂಡು ಕಟ್ಟುವುದಿಲ್ಲ. ಬರಿಯ ನೆಲದಲ್ಲಿ ಚಿಕ್ಕ ಕುಳಿ ಮಾಡಿ ಮೊಟ್ಟೆಯಿಡುತ್ತದೆ. ಮೊಟ್ಟೆಯ ಬಣ್ಣ ಮಣ್ಣು ಕಲ್ಲುಗಳ ಬಣ್ಣವನ್ನೇ ಹೋಲುವುದರಿಂದ ಎರಡು ಮಾರು ದೂರದಿಂದ ನೋಡಿದರೂ ಅದು ಕಾಣುವುದಿಲ್ಲ. ಛಾಯಾಗ್ರಾಹಕರು ದೋಣಿಗಳಲ್ಲಿ ಈ ದ್ವೀಪಗಳ ಸಮೀಪಕ್ಕೆ ಹೋಗುತ್ತಾರೆ. ಬಾಯಲ್ಲಿ ಮೀನು ಹಿಡಿದು ಬರುವ ತಂದೆ, ಕೊಕ್ಕು ತೆರೆದು ಕಾಯುವ ಮರಿ, ನೀರನ್ನು ಸವರಿ ಮೇಲೇಳುವ ಬಿಳಿಯ ರೆಕ್ಕೆ: ಇವು ಎಂಥವನನ್ನೂ ಸೆಳೆಯುವ ನೋಟಗಳು.

ದ್ವೀಪದ ಮೇಲೆ ಕಾಲಿಟ್ಟರೆ ಚಿತ್ರ ಇನ್ನೂ ಚೆನ್ನಾಗಿ ಬರಬಹುದೆಂಬ ಆಸೆ ಹುಟ್ಟುವುದು ಆಗಲೇ. ಆದರೆ ಅದರ ಬೆಲೆಯನ್ನು ತೆರುವುದು ಹಕ್ಕಿ. ಮನುಷ್ಯನನ್ನು ಕಂಡು ತಾಯಿ ತಂದೆಗಳು ಮೇಲೇಳುತ್ತವೆ. ನೆರಳು ತಪ್ಪಿದ ಮೊಟ್ಟೆಯು ಬೇಸಗೆಯ ನಡುಹಗಲಿನಲ್ಲಿ ಸ್ವಲ್ಪ ಹೊತ್ತಿಗೇ ಬೆಂದುಹೋಗಬಹುದು. ಕಾವಲಿಲ್ಲದ ಮರಿಯನ್ನು ಕಾಗೆ ಹದ್ದುಗಳು ಎತ್ತಿಕೊಂಡು ಹೋಗಬಹುದು. ಇದಕ್ಕೆ ಮಿಗಿಲಾಗಿ ಅಲ್ಲಿ ಕಾಲದ ಕಟ್ಟಳೆಯೊಂದಿದೆ. ಮುಂಗಾರು ಬಂದು ಜಲಾಶಯ ಏರತೊಡಗಿದರೆ ಆ ದ್ವೀಪಗಳೇ ಮುಳುಗುತ್ತವೆ. ಅಷ್ಟರೊಳಗೆ ಮರಿಗಳು ಹಾರುವುದನ್ನು ಕಲಿತಿರಬೇಕು. ಮೊದಲ ಮೊಟ್ಟೆಗಳು ಕೆಟ್ಟು ಮತ್ತೆ ಇಡಬೇಕಾಗಿ ಬಂದರೆ ಉಳಿದ ಕಾಲ ಸಾಲದೆ ಹೋಗಬಹುದು. ಇದನ್ನು ಬಲ್ಲ ಛಾಯಾಗ್ರಾಹಕನು ದೋಣಿಯಿಂದ ಇಳಿಯುವುದಿಲ್ಲ. ದೂರದಿಂದ ದೊರೆತಷ್ಟಕ್ಕೆ ತೃಪ್ತನಾಗಿ ಹಿಂದಿರುಗುತ್ತಾನೆ.

ಮಳೆಗಾಲದ ನೋಟ ಬೇರೆ. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುವೆ ರಂಗನತಿಟ್ಟಿನ ಪುಟ್ಟ ದ್ವೀಪಗಳಿವೆ. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರು ಇಲ್ಲಿನ ಹಕ್ಕಿಗಳ ನೆಲೆಯನ್ನು ಕಂಡು, ಅದನ್ನು ಕಾಪಾಡಬೇಕೆಂದು ಮೈಸೂರು ಸಂಸ್ಥಾನಕ್ಕೆ ಮನದಟ್ಟು ಮಾಡಿಕೊಟ್ಟರು. 1940ರಲ್ಲಿ ಅದು ಪಕ್ಷಿಧಾಮವಾಯಿತು. 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಮುಂಗಾರಿನೊಡನೆ ಬಾಯಿಕಳಕ, ಚಮಚಕೊಕ್ಕು, ಬೆಳ್ಳಕ್ಕಿ, ನೀರುಕಾಗೆಗಳು ಇಲ್ಲಿನ ಮರಗಳನ್ನು ತುಂಬುತ್ತವೆ. ಅರಣ್ಯ ಇಲಾಖೆಯ ಅಂಬಿಗರು ಹುಟ್ಟು ಹಾಕುತ್ತ ಬಂಡೆಗಳ ನಡುವೆ ದೋಣಿಯನ್ನು ನಡೆಸುತ್ತಾರೆ. ಆದರೆ ಕನ್ನಂಬಾಡಿ ಕಟ್ಟೆಯಿಂದ ಹೆಚ್ಚು ನೀರು ಬಿಟ್ಟೊಡನೆ ದೋಣಿವಿಹಾರ ನಿಲ್ಲುತ್ತದೆ. ನೂರಾರು ಮೈಲಿ ದೂರದಿಂದ ಬಂದ ಛಾಯಾಗ್ರಾಹಕನೂ ಆ ದಿನ ಕ್ಯಾಮೆರಾವನ್ನು ಚೀಲಕ್ಕೆ ಹಾಕಿ ದಡದಲ್ಲಿ ಕುಳಿತುಕೊಳ್ಳಬೇಕು. ಹೊಳೆಯೊಡನೆ ವಾದ ನಡೆಯುವುದಿಲ್ಲ.

ಚಳಿಗಾಲದಲ್ಲಿ ಮತ್ತೊಂದು ಬಗೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಮಂಗೋಲಿಯ, ಟಿಬೆಟ್ಟುಗಳ ಕಡೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಹಿಮಾಲಯವನ್ನು ದಾಟುವಾಗ ಈ ಜಾತಿಯ ಹಕ್ಕಿಗಳು 7,000 ಮೀಟರಿಗೂ ಮಿಗಿಲಾದ ಎತ್ತರದಲ್ಲಿ ಹಾರುವುದುಂಟೆಂದು ವಿಜ್ಞಾನಿಗಳು ಅಳೆದು ತೋರಿಸಿದ್ದಾರೆ. ಹೊಲಗಳಲ್ಲಿ ಮೇದು ಬಂದು ಅವು ಹಗಲಿನಲ್ಲಿ ಕೆರೆಯ ನೀರಿನಲ್ಲಿ ದಣಿವಾರಿಸಿಕೊಳ್ಳುತ್ತವೆ. ಅವುಗಳ ನಡುವೆ ದೋಣಿಯನ್ನು ನುಗ್ಗಿಸಿದರೆ ಸಾವಿರ ರೆಕ್ಕೆಗಳು ಒಮ್ಮೆಗೇ ಮೇಲೇಳುವ ಭವ್ಯ ಚಿತ್ರವೇನೋ ಸಿಕ್ಕೀತು. ಆದರೆ ಬಹುದೂರದಿಂದ ಬಂದ ಅತಿಥಿಗಳ ವಿಶ್ರಾಂತಿ ಕೆಡುತ್ತದೆ. ಇಲ್ಲಿ ವಿವೇಕಿಯಾದವನು ದೋಣಿಯ ಹಂಬಲವನ್ನೇ ಬಿಟ್ಟು ಏರಿಯ ಮೇಲೆ ಕಾಯುತ್ತಾನೆ. ಸಂಜೆ ಹಕ್ಕಿಗಳು ತಾವಾಗಿಯೇ ಎದ್ದಾಗ ಅವನಿಗೂ ಚಿತ್ರ ಸಿಗುತ್ತದೆ.

ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಮೊದಲಾದವರು ಕರ್ನಾಟಕದ ವನ್ಯಜೀವಿ ಛಾಯಾಗ್ರಹಣಕ್ಕೆ ಹೆಸರು ತಂದ ತಲೆಮಾರಿನವರು. ಅವರ ಕಾಲದಲ್ಲಿ ಒಂದು ಸುರುಳಿ ಫಿಲ್ಮಿಗೆ 36 ಚಿತ್ರಗಳು ಮಾತ್ರ. ಒಂದೊಂದನ್ನೂ ಯೋಚಿಸಿ ತೆಗೆಯಬೇಕಾಗಿತ್ತು. ಗೂಡಿನ ಸಮೀಪದಲ್ಲಿ ಮರೆ ಕಟ್ಟಿ, ಅದರೊಳಗೆ ಗಂಟೆಗಟ್ಟಲೆ ಕುಳಿತು ಹಕ್ಕಿಯ ಚಿತ್ರ ತೆಗೆಯುವುದು ಆಗ ಪ್ರಪಂಚದಲ್ಲೆಲ್ಲ ರೂಢಿಯಲ್ಲಿತ್ತು. ಹಕ್ಕಿಗಳ ಬಾಳನ್ನು ಜನರು ಅರಿತದ್ದು ಅಂಥ ಚಿತ್ರಗಳಿಂದಲೇ. ಕಾಲಕ್ರಮದಲ್ಲಿ ಕ್ಯಾಮೆರಾಗಳು ಹೆಚ್ಚಿದವು. ಒಬ್ಬ ಎಚ್ಚರದಿಂದ ಮಾಡುತ್ತಿದ್ದುದನ್ನು ನೂರು ಜನ ಅವಸರದಿಂದ ಮಾಡತೊಡಗಿದರು. ಆದುದರಿಂದ ಗೂಡಿನ ಚಿತ್ರಗಳನ್ನು ಇಂದು ಹಲವು ಸ್ಪರ್ಧೆಗಳಲ್ಲಿ ಸ್ವೀಕರಿಸುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ರಕ್ಷಿತ ಹಕ್ಕಿಗಳ ಮೊಟ್ಟೆ, ಗೂಡುಗಳನ್ನು ಕೆಡಿಸುವುದನ್ನು ಬೇಟೆಗೆ ಸಮಾನವಾದ ಅಪರಾಧವೆಂದು ಪರಿಗಣಿಸುತ್ತದೆ.

ದೊರೆತ ಚಿತ್ರವನ್ನೂ ಬಿಡಬೇಕಾಗಿ ಬಂದ ಛಾಯಾಗ್ರಾಹಕನೊಬ್ಬನ ಕಥೆ ದೋಣಿಯಾನದ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. 1914ರಲ್ಲಿ ಅರ್ನೆಸ್ಟ್ ಶ್ಯಾಕಲ್ಟನ್ನನ ನಾಯಕತ್ವದಲ್ಲಿ 28 ಮಂದಿ ‘ಎಂಡ್ಯೂರೆನ್ಸ್’ ಎಂಬ ಹಡಗಿನಲ್ಲಿ ದಕ್ಷಿಣ ಧ್ರುವಖಂಡದ ಕಡೆಗೆ ಹೊರಟರು. ಆಸ್ಟ್ರೇಲಿಯದ ಫ್ರಾಂಕ್ ಹರ್ಲಿ ಅವರ ಛಾಯಾಗ್ರಾಹಕ. 1915ರ ಜನವರಿಯಲ್ಲಿ ಹಡಗು ಹಿಮದ ನಡುವೆ ಸಿಕ್ಕಿಕೊಂಡಿತು. ಅಕ್ಟೋಬರಿನ ವೇಳೆಗೆ ಹಿಮದ ಒತ್ತಡಕ್ಕೆ ಮುರಿದು ಕುಸಿಯಿತು. ಹರ್ಲಿಯ ಗಾಜಿನ ನೆಗೆಟಿವ್‌ಗಳು ಹಡಗಿನೊಳಗೆ ನೀರಿನಲ್ಲಿ ಮುಳುಗಿದ್ದವು. ಅವನು ಬಟ್ಟೆ ಕಳಚಿ ಆ ಹಿಮದ ನೀರಿಗೆ ಧುಮುಕಿ ಅವುಗಳ ಪೆಟ್ಟಿಗೆಗಳನ್ನು ಎತ್ತಿ ತಂದನು.

ಆದರೆ ಮುಂದಿನ ಪಯಣ ಸಾಗಬೇಕಾದುದು ಮೂರು ಚಿಕ್ಕ ದೋಣಿಗಳಲ್ಲಿ. ಅಷ್ಟು ಭಾರವನ್ನು ಒಯ್ಯುವಂತಿರಲಿಲ್ಲ. ಹರ್ಲಿಯೂ ಶ್ಯಾಕಲ್ಟನ್ನನೂ ಹಿಮದ ಮೇಲೆ ಕುಳಿತು ಒಂದೊಂದೇ ಗಾಜನ್ನು ಬೆಳಕಿಗೆ ಹಿಡಿದು ನೋಡಿದರು. ಸುಮಾರು 120ನ್ನು ಉಳಿಸಿಕೊಂಡು, ಸುಮಾರು 400ನ್ನು ಅಲ್ಲಿಯೇ ಒಡೆದುಹಾಕಿದರು. ಹಾಗೆಯೇ ಬಿಟ್ಟರೆ ಮನಸ್ಸು ಮರಳಿ ಅವುಗಳತ್ತ ಎಳೆದೀತೆಂದೇ ಒಡೆದದ್ದು. ದೊಡ್ಡ ಕ್ಯಾಮೆರಾಗಳನ್ನೂ ಬಿಟ್ಟು, ಜೇಬಿನಲ್ಲಿ ಹಿಡಿಯುವ ಒಂದು ಚಿಕ್ಕ ಕ್ಯಾಮೆರಾ ಹಾಗೂ ಮೂರು ಸುರುಳಿ ಫಿಲ್ಮನ್ನು ಮಾತ್ರ ಹರ್ಲಿ ಇಟ್ಟುಕೊಂಡನು. 1916ರ ಆಗಸ್ಟ್ 30ರಂದು ಎಲಿಫೆಂಟ್ ದ್ವೀಪದಲ್ಲಿ ಉಳಿದಿದ್ದವರನ್ನು ಚಿಲಿ ದೇಶದ ಹಡಗೊಂದು ಪಾರುಮಾಡಿತು. ಆ 28 ಮಂದಿಯಲ್ಲಿ ಒಬ್ಬನೂ ಸಾಯಲಿಲ್ಲ. ಉಳಿಸಿಕೊಂಡ ಚಿತ್ರಗಳು ಆ ಸಾಹಸವನ್ನು ಇಂದಿಗೂ ಸಾರುತ್ತಿವೆ. ಒಡೆದ ನಾನೂರು ಚಿತ್ರಗಳ ಜಾಗದಲ್ಲಿ ದೋಣಿಗಳು ಮನುಷ್ಯರನ್ನೂ ಅವರ ಆಹಾರವನ್ನೂ ಹೊತ್ತವು.

ಈ ವಿವೇಚನೆ ಹಿಮಸಾಗರಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. 2020ರ ಅಕ್ಟೋಬರಿನಲ್ಲಿ ಭೀಮೆಗೆ ಮಹಾಪೂರ ಬಂದು ಕಲಬುರಗಿ ಜಿಲ್ಲೆಯ ನದಿದಂಡೆಯ ಹಳ್ಳಿಗಳು ಜಲಾವೃತವಾದವು. ರಕ್ಷಣಾಪಡೆಗಳು ದೋಣಿಗಳಲ್ಲಿ ಜನರನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಿದವು. ಅಂಥ ಹೊತ್ತಿನಲ್ಲಿ ಚಿತ್ರಕ್ಕೂ ಕೆಲಸವುಂಟು; ಹಳ್ಳಿಯ ಸಂಕಟವನ್ನು ದೂರದ ರಾಜಧಾನಿಗೆ ಮುಟ್ಟಿಸುವುದು ಅದೇ. ಆದರೆ ದೋಣಿಯಲ್ಲಿ ಉಳಿದಿರುವುದು ಒಂದೇ ಸ್ಥಳವಾದರೆ, ಅದು ಮಾಳಿಗೆಯ ಮೇಲೆ ಕಾಯುತ್ತಿರುವ ಅಜ್ಜಿಗೆ ಸಲ್ಲಬೇಕು. ಚಿತ್ರವನ್ನು ದಡದಿಂದಲೂ ತೆಗೆಯಬಹುದು.

ಇಂದು ಫಿಲ್ಮಿನ ಮಿತಿ ಇಲ್ಲ, ಗಾಜಿನ ಭಾರವೂ ಇಲ್ಲ. ಒಂದು ದೋಣಿವಿಹಾರದಲ್ಲಿ ಸಾವಿರ ಚಿತ್ರಗಳನ್ನು ತೆಗೆಯಬಹುದು. ಹೀಗಿರುವಾಗ ಯಾವುದನ್ನು ಬಿಡಬೇಕೆಂದು ತಿಳಿಸಲು ಯಂತ್ರ ಬರುವುದಿಲ್ಲ; ಅದನ್ನು ಕ್ಯಾಮೆರಾ ಹಿಡಿದವನೇ ನಿರ್ಧರಿಸಬೇಕು. ಅಂಬಿಗನ ಮಾತನ್ನು ಕೇಳಿ, ಋತುವಿನ ಇಂಗಿತವನ್ನರಿತು, ಹಕ್ಕಿಯ ಬದುಕನ್ನು ತನ್ನ ಚಿತ್ರಕ್ಕಿಂತ ದೊಡ್ಡದೆಂದು ತಿಳಿದವನು ಕೆಲವೊಮ್ಮೆ ಬರಿಗೈಯಲ್ಲಿ ಹಿಂದಿರುಗುತ್ತಾನೆ. ಅವನು ಹಿಂದಿರುಗಿದ ಮೇಲೂ ದ್ವೀಪದಲ್ಲಿ ಮರಿಗಳಿರುತ್ತವೆ. ಮುಂದಿನ ಬೇಸಗೆಯಲ್ಲಿ ನೀರು ಇಳಿದಾಗ ಅವು ಮತ್ತೆ ಅಲ್ಲಿಗೆ ಬರುತ್ತವೆ. ಅವುಗಳನ್ನು ನೋಡುವ ಭಾಗ್ಯ ಮುಂದಿನವರಿಗೂ ಉಳಿಯುತ್ತದೆ.